ಸುಳ್ಳು ಹೇಳಿದ್ದು ಅಭ್ಯರ್ಥಿ, ಹೇಳಿಸಿದ್ದು ಪ್ರಶ್ನೆ

ಇಂಟರ್‌ವ್ಯೂ ತೆಗೆದುಕೊಳ್ಳುವವರು ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ದೂರು ಬಂದೇ ಬರುತ್ತದೆ. "ಯಾರೂ ನಿಜ ಹೇಳಲ್ಲ ಕಣ್ರೀ" ಅಂತ. ರೆಸ್ಯೂಮೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು, ಕೆಲಸಕ್ಕೆ ಸೇರಿದ ಮೇಲೆ ಮತ್ತೊಂದು. ನಾನು ಮೇಜಿನ ಎರಡೂ ಕಡೆ ಕೂತಿದ್ದೇನೆ. ಕೆಲಸ ಕೇಳಿಕೊಂಡು ಹೋಗಿ ಕೂತಿದ್ದೇನೆ, ಈಗ ಕೆಲವು ವರ್ಷಗಳಿಂದ ಕೆಲಸ ಕೊಡುವವರ ಪ್ಯಾನೆಲ್‌ನಲ್ಲೂ ಕೂರುತ್ತೇನೆ. ಈ ದೂರು ಕಿವಿಗೆ ಬಿದ್ದಾಗಲೆಲ್ಲ ನನಗೆ ಕೇಳಬೇಕು ಅನಿಸುವುದು ಒಂದೇ: ನೀವು ಏನು ಕೇಳಿದಿರಿ?

ಯಾಕೆಂದರೆ ಆ ಕೋಣೆಯಲ್ಲಿ ಹುಟ್ಟುವ ಸುಳ್ಳುಗಳಲ್ಲಿ ದೊಡ್ಡ ಪಾಲು ಅಭ್ಯರ್ಥಿ ಮನೆಯಿಂದ ಹೊತ್ತು ತಂದಿದ್ದಲ್ಲ. ನಾವು ಕೇಳುವ ರೀತಿಯಿಂದ ಅಲ್ಲೇ ಹುಟ್ಟುತ್ತದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ ಅಂತ ಗೊತ್ತಿರುವ ಪ್ರಶ್ನೆಯನ್ನು ಕೆಲಸ ಬೇಕಾಗಿರುವ ಮನುಷ್ಯನಿಗೆ ಕೇಳಿ, ಆಮೇಲೆ ಅವನು ಸುಳ್ಳು ಹೇಳಿದ ಅಂತ ಬೇಜಾರು ಮಾಡಿಕೊಳ್ಳುವುದು ನ್ಯಾಯ ಅಲ್ಲ.

ಎಲ್ಲರಿಗೂ ಗೊತ್ತಿರುವ ಪ್ರಶ್ನೆಯಿಂದಲೇ ಶುರು ಮಾಡೋಣ. "ನಿಮ್ಮ ದೊಡ್ಡ ದೌರ್ಬಲ್ಯ ಏನು?"

ಇದನ್ನು ಕೇಳಿಸಿಕೊಂಡವರ ತಲೆಯಲ್ಲಿ ಆ ಎರಡು ಮೂರು ಸೆಕೆಂಡಿನಲ್ಲಿ ಏನೇನು ಓಡುತ್ತದೆ ಅಂತ ಒಮ್ಮೆ ಯೋಚಿಸಿ. ನಿಜವಾದ ದೌರ್ಬಲ್ಯ ಅವರಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬೇಗ ಏಳಲು ಆಗುವುದಿಲ್ಲ, ಯಾರಾದರೂ ಎದುರು ನಿಂತು ಟೀಕಿಸಿದರೆ ಎರಡು ದಿನ ಮಂಕಾಗಿರುತ್ತಾರೆ, ಶುರು ಮಾಡಿದ ಕೆಲಸದ ಕೊನೆಯ ಹತ್ತನೇ ಒಂದು ಭಾಗ ಮುಗಿಸುವುದಕ್ಕೆ ಬೇಸರ. ಇದರಲ್ಲಿ ಯಾವುದನ್ನೂ ಹೇಳುವಂತಿಲ್ಲ. ಏನೂ ಇಲ್ಲ ಅಂದರೆ ಅಹಂಕಾರ ಅನ್ನುತ್ತಾರೆ. ಹಾಗಾಗಿ ಬಾಯಿಂದ ಬರುವುದು ಅದೇ ಹಳೆಯ ಉತ್ತರ: "ನಾನು ಸ್ವಲ್ಪ ಜಾಸ್ತಿ ಪರ್ಫೆಕ್ಷನಿಸ್ಟ್", "ಕೆಲಸ ಹಿಡಿದರೆ ಟೈಮೇ ಗೊತ್ತಾಗಲ್ಲ", "ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ". ಒವುಲ್ ಸೆಜರ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಶ್ನೆ ಕೇಳಿದಾಗ ಸುಮಾರು ಮುಕ್ಕಾಲು ಪಾಲು ಜನ ಇಂಥ ಉತ್ತರವನ್ನೇ ಕೊಟ್ಟರು, ಅಂದರೆ ದೂರಿನ ವೇಷದಲ್ಲಿ ಹೊಗಳಿಕೆ. ಅದಕ್ಕಿಂತ ಬೇಜಾರಿನ ಸಂಗತಿ ಏನೆಂದರೆ, ಹೀಗೆ ಸುತ್ತಿ ಬಳಸಿ ಹೊಗಳಿಕೊಂಡವರು ನೇರವಾಗಿ ಹೊಗಳಿಕೊಂಡವರಿಗಿಂತಲೂ ಕೇಳುಗರಿಗೆ ಕಡಿಮೆ ಇಷ್ಟವಾದರು. ಪ್ರಾಮಾಣಿಕರಲ್ಲ ಅಂತ ಕಂಡರು. ಪ್ರಶ್ನೆಯೇ ಅವರನ್ನು ಆ ಮೂಲೆಗೆ ತಳ್ಳಿತು, ಆಮೇಲೆ ಮೂಲೆಯಲ್ಲಿ ನಿಂತಿದ್ದಕ್ಕೆ ಅಂಕವನ್ನೂ ಕಳೆಯಿತು.

ನಾನಿದ್ದ ಒಂದು ಪ್ಯಾನೆಲ್‌ನಲ್ಲಿ ಒಬ್ಬ ಹುಡುಗಿ ಈ ಪ್ರಶ್ನೆಗೆ ನಿಜವನ್ನೇ ಹೇಳಿದಳು. "ಫೋನಿನಲ್ಲಿ ಯಾರಾದರೂ ಕೂಗಾಡಿದರೆ ನನಗೆ ಮಾತೇ ಹೊರಡುವುದಿಲ್ಲ, ಆಮೇಲೆ ಇಮೇಲ್‌ನಲ್ಲಿ ಸರಿಯಾಗಿ ಬರೆದು ಕಳಿಸುತ್ತೇನೆ" ಅಂದಳು. ಆ ಕೆಲಸ ಲೆಕ್ಕ ನೋಡಿಕೊಳ್ಳುವುದು. ಫೋನಿನಲ್ಲಿ ಕೂಗಾಡುವವರ ಜೊತೆ ಮಾತನಾಡುವ ಸಂದರ್ಭವೇ ಅದರಲ್ಲಿ ಇಲ್ಲ. ಆದರೂ ಪಕ್ಕದಲ್ಲಿ ಕೂತವರು ಹಾಳೆಯ ಮೇಲೆ "ಆತ್ಮವಿಶ್ವಾಸ ಕಡಿಮೆ" ಅಂತ ಬರೆದರು. ಅವಳ ನಂತರ ಬಂದ ಹುಡುಗ ಪರ್ಫೆಕ್ಷನಿಸ್ಟ್ ಕಥೆ ಹೇಳಿದ, ಅವನಿಗೆ ಯಾವ ಟಿಪ್ಪಣಿಯೂ ಬೀಳಲಿಲ್ಲ. ನಾನು ವಾದ ಮಾಡಿದೆ, ಹುಡುಗಿ ಮುಂದಿನ ರೌಂಡಿಗೆ ಹೋದಳು. ಆದರೆ ವಾದ ಮಾಡುವವರು ಯಾರೂ ಇಲ್ಲದ ಪ್ಯಾನೆಲ್‌ಗಳೇ ಜಾಸ್ತಿ, ಅಲ್ವಾ? ಅಲ್ಲಿ ಅವಳು ಕಲಿಯುತ್ತಿದ್ದ ಪಾಠ ಏನು? ಮುಂದಿನ ಸಲ ಬಾಯಿಪಾಠ ಮಾಡಿಕೊಂಡು ಹೋಗಬೇಕು ಅನ್ನುವುದು.

ಸುಳ್ಳು ಅಂದಕೂಡಲೇ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದೂ ತಪ್ಪು. ಜೂಲಿಯಾ ಲೆವಾಶಿನಾ ಮತ್ತು ಮೈಕೆಲ್ ಕ್ಯಾಂಪಿಯನ್ 2007ರಲ್ಲಿ ಇದನ್ನು ಅಳೆಯಲು ಹೋದರು. ಕೆಲಸ ಹುಡುಕುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಕೇಳಿದಾಗ ಶೇಕಡಾ 90ಕ್ಕೂ ಹೆಚ್ಚು ಜನ ಇಂಟರ್‌ವ್ಯೂನಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಬಣ್ಣ ಹಚ್ಚಿದ್ದನ್ನು ಒಪ್ಪಿಕೊಂಡರು. ಆದರೆ ನಿಜವಾಗಿ ಸುಳ್ಳು ಅನ್ನಬಹುದಾದ ಮಟ್ಟಕ್ಕೆ ಹೋದವರು ಅಷ್ಟಿಲ್ಲ, ಯಾವ ಬಗೆಯ ಸುಳ್ಳು ಅನ್ನುವುದರ ಮೇಲೆ ಅದು ಶೇಕಡಾ 28ರಿಂದ 75ರವರೆಗೆ ಇತ್ತು. ಅಂದರೆ ಮೆಟ್ಟಿಲುಗಳಿವೆ. ಇದ್ದ ಒಳ್ಳೆಯದನ್ನು ಎತ್ತಿ ಹೇಳುವುದು ಒಂದು. ತಂಡ ಮಾಡಿದ ಕೆಲಸದಲ್ಲಿ "ನಾವು" ಹೋಗಿ "ನಾನು" ಬರುವುದು ಇನ್ನೊಂದು. ಎದುರು ಕೂತವರ ಅಭಿಪ್ರಾಯವೇ ನನ್ನದೂ ಅನ್ನುವುದು ಮತ್ತೊಂದು. ಮಾಡದೇ ಇರುವ ಕೆಲಸವನ್ನು ಮಾಡಿದೆ ಅನ್ನುವುದು ಕೊನೆಯದು, ಅದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಇಲ್ಲದ ಡಿಗ್ರಿ ಇದೆ ಅಂದವರಿಗೆ ಪ್ರಶ್ನೆ ಕೆಟ್ಟದಾಗಿತ್ತು ಅನ್ನುವ ನೆಪ ಸಿಗುವುದಿಲ್ಲ. ನಾನು ಹೇಳುತ್ತಿರುವುದು ನಡುವಿನ ಮೆಟ್ಟಿಲುಗಳ ಬಗ್ಗೆ. ಮಾಮೂಲಿ ದಿನದಲ್ಲಿ ನಿಯತ್ತಾಗಿರುವ ಜನ ಆ ಅರ್ಧ ಗಂಟೆಯಲ್ಲಿ ಮಾತ್ರ ಬೇರೆಯವರಾಗುತ್ತಾರಲ್ಲ, ಅದರ ಬಗ್ಗೆ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. "ಹೀಗಾದರೆ ಏನು ಮಾಡುತ್ತೀರಿ?" ಅನ್ನುವ ಪ್ರಶ್ನೆಗಿಂತ "ಹಿಂದೆ ಹೀಗಾದಾಗ ಏನು ಮಾಡಿದಿರಿ?" ಅನ್ನುವ ಪ್ರಶ್ನೆಗೆ ಬಣ್ಣ ಹಚ್ಚುವುದು ಕಡಿಮೆ. ಇದು ಯಾರಾದರೂ ಊಹಿಸಬಹುದು. ಆದರೆ ಬೆನ್ನುಹತ್ತಿ ಉಪಪ್ರಶ್ನೆ ಕೇಳಿದಾಗ ಬಣ್ಣ ಕಡಿಮೆಯಾಗುವ ಬದಲು ಜಾಸ್ತಿ ಆಯಿತಂತೆ! ನನಗೆ ತೋರುವ ಕಾರಣ ಇದು: ನಾವು ಕೆದಕಿದಷ್ಟೂ ನಮಗೆ ಬೇಕಾದ ಉತ್ತರ ಯಾವುದು ಅನ್ನುವ ಸುಳಿವು ಎದುರಿನವರಿಗೆ ಸಿಗುತ್ತಾ ಹೋಗುತ್ತದೆ. "ಆ ತಂಡವನ್ನು ನೀವೇ ಮುನ್ನಡೆಸಿದಿರಾ?" ಅಂತ ಕಣ್ಣರಳಿಸಿ ಕೇಳಿದರೆ, ಹೌದು ಅನ್ನಬೇಕು ಅಂತ ಯಾರಿಗೆ ತಾನೆ ಗೊತ್ತಾಗುವುದಿಲ್ಲ.

"ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ಜನ ಕೆಲಸ ಬಿಡುವ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ. ಮೇಲಿನವರು ದಿನಾ ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದರು, ಸಂಬಳ ಸಾಲುತ್ತಿರಲಿಲ್ಲ, ಒಪ್ಪಿಕೊಂಡಿದ್ದೇ ಒಂದು ಕೆಲಸ ಕೊಟ್ಟಿದ್ದೇ ಇನ್ನೊಂದು, ಅಥವಾ ಕಂಪನಿಯೇ ಕಳಿಸಿತು. ಆದರೆ ಹಳೆಯ ಜಾಗದ ಬಗ್ಗೆ ಕೆಟ್ಟದ್ದು ಮಾತನಾಡಬಾರದು ಅಂತ ಪ್ರತಿಯೊಬ್ಬರೂ ಕಿವಿಮಾತು ಹೇಳಿರುತ್ತಾರೆ. ಹಾಗಾಗಿ ಎಲ್ಲರೂ "ಹೊಸ ಸವಾಲು ಬೇಕಿತ್ತು" ಅನ್ನುತ್ತಾರೆ. ದಬ್ಬಾಳಿಕೆ ಸಹಿಸಿ ಸಹಿಸಿ ನಿದ್ದೆ ಕೆಟ್ಟು ಹೊರಬಂದ ಮನುಷ್ಯ ಕೂಡ ಆ ಜಾಗವನ್ನು ನಗುನಗುತ್ತಾ ಹೊಗಳಬೇಕು. ಅದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಮ್ಮೆ ಒಬ್ಬರು ಹೀಗೆ ಉತ್ತರ ಹೇಳುತ್ತಿದ್ದಾಗ ಅವರ ಎರಡೂ ಕೈ ಮೇಜಿನ ಕೆಳಗೆ ಬಿಗಿದುಕೊಂಡಿದ್ದವು. ಆಮೇಲೆ ಅವರು ಹಿಂದೆ ಕೆಲಸ ಮಾಡಿದ ಜಾಗದವರೇ ಒಬ್ಬರು ಸಿಕ್ಕಿ ಅಲ್ಲಿ ನಡೆದದ್ದನ್ನು ಹೇಳಿದಾಗ, ಈ ಪ್ರಶ್ನೆಯನ್ನು ಇನ್ನು ಆ ರೂಪದಲ್ಲಿ ಕೇಳಬಾರದು ಅಂತ ನಿರ್ಧಾರ ಮಾಡಿದೆ. ಈಗ ನಾನು ಕೇಳುವುದು, "ಮುಂದಿನ ಕೆಲಸದಲ್ಲಿ ಯಾವುದು ಇರಲೇಬೇಕು, ಯಾವುದು ಇರಲೇಬಾರದು?" ಅಂತ. ಇದಕ್ಕೆ ಯಾರ ಮೇಲೂ ದೂರು ಹೇಳದೆ ನಿಜ ಹೇಳಬಹುದು, ನನಗೆ ಬೇಕಾದ ವಿಷಯವೂ ಸಿಗುತ್ತದೆ.

ನಡುವೆ ಕೆಲಸ ಇಲ್ಲದ ತಿಂಗಳುಗಳ ಬಗ್ಗೆ ಕೇಳುವುದೂ ಹೀಗೇ. "ಈ ಗ್ಯಾಪ್ ಯಾಕೆ?" ಅಂದಾಗ ಉತ್ತರದ ಹಿಂದೆ ಕಾಯಿಲೆ ಇರಬಹುದು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಇರಬಹುದು, ಕಳೆದುಕೊಂಡ ಮಗು ಇರಬಹುದು. ಅಪರಿಚಿತರ ಮುಂದೆ ಅದನ್ನು ಬಿಚ್ಚಿಡಬೇಕಾ? ಹೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಇದೆ. ಲೆಸ್ಲಿ ಜಾನ್ ಮತ್ತು ಜೊತೆಗಾರರು 2016ರಲ್ಲಿ ತೋರಿಸಿದ ಹಾಗೆ, ಪ್ರಶ್ನೆಗೆ "ಉತ್ತರ ಹೇಳಲು ಇಷ್ಟವಿಲ್ಲ" ಅಂದವರನ್ನು ಜನ ಕೆಟ್ಟ ಉತ್ತರವನ್ನೇ ಕೊಟ್ಟವರಿಗಿಂತಲೂ ಕೆಟ್ಟದಾಗಿ ಅಳೆಯುತ್ತಾರೆ. ಈಗ ಅಭ್ಯರ್ಥಿಯ ಜಾಗದಲ್ಲಿ ನಿಂತು ನೋಡಿ. ನಿಜ ಹೇಳಿದರೆ ಅಂಕ ಹೋಗುತ್ತದೆ. ಸುಮ್ಮನಿದ್ದರೆ ಇನ್ನೂ ಜಾಸ್ತಿ ಹೋಗುತ್ತದೆ. ಸುಳ್ಳು ಹೇಳಿ ಸಿಕ್ಕಿಬೀಳದಿದ್ದರೆ ಏನೂ ಹೋಗುವುದಿಲ್ಲ. ಮೂರು ದಾರಿಯಲ್ಲಿ ಎರಡಕ್ಕೆ ಬೇಲಿ ಹಾಕಿದವರು ನಾವೇ.

ಆರೋಗ್ಯದ ವಿಷಯದಲ್ಲಿ ಕೆಲವು ದೇಶಗಳ ಕಾನೂನು ಇದನ್ನು ಅರ್ಥ ಮಾಡಿಕೊಂಡಿದೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಆಫರ್ ಕೊಡುವ ಮೊದಲು ಅಂಗವೈಕಲ್ಯದ ಬಗ್ಗೆ ಕೇಳುವಂತಿಲ್ಲ. ಬ್ರಿಟನ್‌ನಲ್ಲಿ 2010ರ ಸಮಾನತೆ ಕಾಯ್ದೆ, ಕೆಲವು ಸಂದರ್ಭಗಳನ್ನು ಬಿಟ್ಟು, ಆಫರ್‌ಗಿಂತ ಮೊದಲು ಆರೋಗ್ಯದ ಪ್ರಶ್ನೆಗಳನ್ನು ತಡೆಯುತ್ತದೆ. ಆ ಕೆಲಸ ಮಾಡಲು ಆಗುತ್ತದಾ ಅಂತ ಕೇಳಬಹುದು. ನಿನಗೆ ಏನು ಕಾಯಿಲೆ ಅಂತ ಕೇಳುವಂತಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ, ಮೊದಲನೆಯದಕ್ಕೆ ಮನುಷ್ಯ ತಲೆ ಎತ್ತಿ ನಿಜ ಹೇಳಬಹುದು.

ಸಂಬಳದ ಪ್ರಶ್ನೆಯೂ ಅಷ್ಟೇ. "ಈಗ ಎಷ್ಟು ಬರುತ್ತಿದೆ?" ಅಂತ ಕೇಳಿ, ಅದರ ಮೇಲೆ ಸ್ವಲ್ಪ ಸೇರಿಸಿ ಹೊಸ ಸಂಬಳ ಕೊಡುವುದು ಹಳೆಯ ಪದ್ಧತಿ. ಹೀಗಿದ್ದಾಗ ಮೊದಲ ಕೆಲಸದಲ್ಲಿ ಕಡಿಮೆ ಕೊಟ್ಟವರ ಕಂಜೂಸುತನ ಆ ಮನುಷ್ಯನ ಬೆನ್ನಿಗೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ, ಅದರಿಂದ ಬಿಡಿಸಿಕೊಳ್ಳಲು ಇರುವ ಸುಲಭ ದಾರಿ ಅಂಕಿ ಏರಿಸಿ ಹೇಳುವುದು. ಮೆಸಾಚುಸೆಟ್ಸ್ ರಾಜ್ಯ 2016ರಲ್ಲಿ ಈ ಪ್ರಶ್ನೆಯನ್ನೇ ತಡೆಯುವ ಕಾನೂನು ಪಾಸು ಮಾಡಿತು, 2018ರ ಜುಲೈನಲ್ಲಿ ಅದು ಜಾರಿಗೆ ಬಂತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದಲೇ ಇದೆ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ವೇತನ ಪಾರದರ್ಶಕತೆ ನಿರ್ದೇಶನದಲ್ಲೂ ಅಭ್ಯರ್ಥಿಯ ಹಿಂದಿನ ಸಂಬಳ ಕೇಳಬಾರದು ಅಂತಿದೆ, ಜೊತೆಗೆ ಈ ಕೆಲಸಕ್ಕೆ ಎಷ್ಟು ಕೊಡುತ್ತೇವೆ ಅನ್ನುವುದನ್ನು ಮೊದಲೇ ತಿಳಿಸಬೇಕು. ಪ್ರಶ್ನೆ ಹೋಯಿತು, ಜೊತೆಗೆ ಸುಳ್ಳೂ ಹೋಯಿತು. ಯಾರಿಗೂ ನೀತಿಪಾಠ ಹೇಳಬೇಕಾಗಿ ಬರಲಿಲ್ಲ.

ಈಗ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಪ್ರಶ್ನೆಗಳು. ಮದುವೆ ಆಗಿದೆಯಾ, ಯಾವಾಗ ಆಗುತ್ತೀರಿ, ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯಾ. ಹೆಣ್ಣುಮಕ್ಕಳಿಗೇ ಜಾಸ್ತಿ ಕೇಳುವುದು, "ಸುಮ್ನೆ ಕೇಳಿದೆ" ಅನ್ನುವ ಧಾಟಿಯಲ್ಲಿ. ಸುಮ್ನೆ ಕೇಳಿದ್ದಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಜರ್ಮನಿಯ ನ್ಯಾಯಾಲಯಗಳು ಈ ವಿಷಯದಲ್ಲಿ ತೆಗೆದುಕೊಂಡ ನಿಲುವು ನನಗೆ ತುಂಬ ಹಿಡಿಸುತ್ತದೆ. ಗರ್ಭಿಣಿಯಾ ಅಂತ ಕೇಳುವುದಕ್ಕೆ ಕೆಲಸ ಕೊಡುವವರಿಗೆ ಹಕ್ಕಿಲ್ಲ. ಕೇಳಬಾರದ್ದನ್ನು ಕೇಳಿದರೆ ಅಭ್ಯರ್ಥಿ ಸುಳ್ಳು ಉತ್ತರ ಕೊಡಬಹುದು, ಆಮೇಲೆ ಅದು ಸುಳ್ಳು ಅಂತ ಗೊತ್ತಾದರೂ ಆ ಕಾರಣಕ್ಕೆ ಒಪ್ಪಂದ ರದ್ದು ಮಾಡುವಂತಿಲ್ಲ. ಸುಮ್ಮನಿದ್ದರೆ ಗುಟ್ಟು ಬಯಲಾಗುತ್ತದೆ, ಹಾಗಾಗಿ ಸುಮ್ಮನಿರುವ ಹಕ್ಕು ಒಂದೇ ಸಾಲದು ಅನ್ನುವ ತಿಳುವಳಿಕೆ ಅದರ ಹಿಂದಿದೆ. ಆ ಸುಳ್ಳಿನ ಜವಾಬ್ದಾರಿ ಕೇಳಿದವರದ್ದು ಅಂತ ಒಂದು ದೇಶದ ಕಾನೂನೇ ಹೇಳಿದಂತಾಯಿತು.

"ನನಗೆ ಹಾಗೆ ಕೇಳಿದ್ದರೆ ಎದ್ದು ಬರುತ್ತಿದ್ದೆ" ಅನ್ನುವವರು ತುಂಬ ಜನ. ಜೂಲಿ ವುಡ್ಜಿಕಾ ಮತ್ತು ಮೇರಿಯಾನ್ ಲಾಫ್ರಾನ್ಸ್ 2001ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅಂಥವರಿಗೆಲ್ಲ ನಾನು ಹೇಳುತ್ತಿರುತ್ತೇನೆ. ಮೊದಲು ಅವರು ಯುವತಿಯರಿಗೆ ಒಂದು ಸನ್ನಿವೇಶ ಓದಲು ಕೊಟ್ಟರು. ಇಂಟರ್‌ವ್ಯೂ ಮಾಡುವ ಗಂಡಸು ನಡುವೆ ಬಾಯ್‌ಫ್ರೆಂಡ್ ಇದ್ದಾನಾ, ಜನರಿಗೆ ನೀನು ಆಕರ್ಷಕವಾಗಿ ಕಾಣುತ್ತೀಯಾ ಅನ್ನುವಂಥ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಓದಿದವರಲ್ಲಿ ಹಲವರು ಸಿಟ್ಟು ಬರುತ್ತದೆ ಅಂದರು. ಶೇಕಡಾ 68ರಷ್ಟು ಜನ ಒಂದಾದರೂ ಪ್ರಶ್ನೆಗೆ ಉತ್ತರ ಕೊಡಲು ನಿರಾಕರಿಸುತ್ತೇವೆ ಅಂದರು. ಆಮೇಲೆ ಬೇರೆ ಯುವತಿಯರನ್ನು ಕೆಲಸದ ಇಂಟರ್‌ವ್ಯೂ ಅಂತಲೇ ಕರೆದು ನಿಜವಾಗಿ ಆ ಪ್ರಶ್ನೆಗಳನ್ನು ಕೇಳಿದರು. ಒಬ್ಬರೂ ನಿರಾಕರಿಸಲಿಲ್ಲ. ಒಬ್ಬರೂ ಎದ್ದು ಹೋಗಲಿಲ್ಲ. ಅವರಿಗೆ ಸಿಟ್ಟಿಗಿಂತ ಜಾಸ್ತಿ ಬಂದದ್ದು ಭಯ. ಕೆಲವರು ಯಾಕೆ ಕೇಳುತ್ತಿದ್ದೀರಿ ಅಂತ ಮೆತ್ತಗೆ, ಮರ್ಯಾದೆಯಿಂದ ಕೇಳಿದರು, ಅಷ್ಟೇ. ಅದೇ ಇಬ್ಬರು ನಂತರ ಬರೆದ ಇನ್ನೊಂದು ಪ್ರಬಂಧದಲ್ಲಿ, ಹೀಗೆ ಕೇಳಿಸಿಕೊಂಡವರು ಉಳಿದ ಪ್ರಶ್ನೆಗಳಿಗೂ ತಡವರಿಸಿದರು, ಉತ್ತರಗಳ ಗುಣಮಟ್ಟವೂ ಇಳಿಯಿತು ಅಂತ ತೋರಿಸಿದರು. ಅಂದರೆ ಒಂದು ಹಾಳು ಪ್ರಶ್ನೆ ಅದರ ಪಾಡಿಗೆ ಅದು ಕೂರುವುದಿಲ್ಲ, ಇಡೀ ಇಂಟರ್‌ವ್ಯೂವನ್ನು ಕೆಡಿಸುತ್ತದೆ. ಆಮೇಲೆ ಪ್ಯಾನೆಲ್ ಹೊರಗೆ ಬಂದು "ಹುಡುಗಿ ಸ್ವಲ್ಪ ನರ್ವಸ್ ಅಲ್ವಾ" ಅನ್ನುತ್ತದೆ.

ಎದ್ದು ಬರಲಿಲ್ಲ ಅಂತ ಯಾರನ್ನೂ ಬಯ್ಯಬೇಡಿ. ಆ ಕುರ್ಚಿಯಲ್ಲಿ ಕೂತಾಗ ಬಾಡಿಗೆ, ಸಾಲ, ಮನೆಯವರ ಮುಖ ಎಲ್ಲವೂ ಜೊತೆಗೇ ಕೂತಿರುತ್ತದೆ.

ತಲೆ ಕೆರೆದುಕೊಳ್ಳುವ ಒಗಟುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತದೆ ಅನ್ನುವ ಜಾತಿಯ ಪ್ರಶ್ನೆಗಳು ಪೂರ್ತಿ ವ್ಯರ್ಥ, ಅವುಗಳಿಂದ ಏನೂ ತಿಳಿಯುವುದಿಲ್ಲ, ಕೇಳಿದವರಿಗೆ ತಾವು ಜಾಣರು ಅನಿಸುತ್ತದೆ ಅಷ್ಟೇ ಅಂತ ಗೂಗಲ್‌ನಲ್ಲಿ ಆಗ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಹೇಳಿದರು. ಬೇಕೆಂದೇ ಕೆಣಕುವ, ಮಾತು ಕತ್ತರಿಸುವ, ಮುಖ ಗಂಟಿಕ್ಕಿ ಕೂರುವ ಇಂಟರ್‌ವ್ಯೂಗಳೂ ಇವೆ, ಒತ್ತಡ ತಡೆಯುತ್ತಾರಾ ನೋಡುತ್ತೇವೆ ಅಂತ. ಅಲ್ಲಿ ಕಾಣುವುದು ಅವಮಾನವನ್ನು ನುಂಗುವ ಶಕ್ತಿ ಮಾತ್ರ, ಕೆಲಸ ಮಾಡುವ ಶಕ್ತಿ ಕಾಣುವುದಿಲ್ಲ.

"ಪ್ರಶ್ನೆ ಹೇಗಾದರೂ ಇರಲಿ, ಎದುರಿನವರು ಸುಳ್ಳು ಹೇಳಿದರೆ ನಮಗೆ ಗೊತ್ತಾಗುತ್ತದೆ" ಅನ್ನುವ ಅನುಭವಿಗಳು ಪ್ರತಿ ಆಫೀಸಿನಲ್ಲೂ ಇದ್ದಾರೆ. ಕಣ್ಣು ನೋಡಿ ಹೇಳುತ್ತೇವೆ ಅನ್ನುತ್ತಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಇಂಥ ನೂರಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ನಿಜ ಯಾವುದು ಸುಳ್ಳು ಯಾವುದು ಅಂತ ಜನ ಸರಿಯಾಗಿ ಹೇಳುವುದು ಸರಾಸರಿ ಶೇಕಡಾ 54ರಷ್ಟು ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಜೇಸನ್ ಡಾನಾ, ರಾಬಿನ್ ಡಾವ್ಸ್ ಮತ್ತು ನತಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಣ್ಣು ತೆರೆಸುವಂಥದ್ದು. ಅದರಲ್ಲಿ ಕೆಲವು ಕಡೆ ಉತ್ತರ ಕೊಡುವವರು ಪ್ರಶ್ನೆಯನ್ನೇ ಲೆಕ್ಕಿಸದೆ, ಒಂದು ಗೊತ್ತುಮಾಡಿದ ಸೂತ್ರದ ಪ್ರಕಾರ ಸುಮ್ನೆ ಹೌದು ಅಥವಾ ಇಲ್ಲ ಅನ್ನುತ್ತಿದ್ದರು. ಕೇಳುತ್ತಿದ್ದವರಿಗೆ ಅನುಮಾನವೇ ಬರಲಿಲ್ಲ. ಎದುರಿನವರು ಚೆನ್ನಾಗಿ ಅರ್ಥವಾದರು ಅಂತಲೇ ಅವರಿಗೆ ಅನಿಸಿತು. ಇಷ್ಟಾದರೂ ನಾವು ಮುಖ ನೋಡಿ ಮನುಷ್ಯನನ್ನು ಓದುತ್ತೇವೆ ಅಂತ ನಂಬಿಕೊಂಡು ಕೂತರೆ, ಸೋಲುವುದು ಸಂಕೋಚದ ಒಳ್ಳೆಯ ಜನ, ಗೆಲ್ಲುವುದು ಅಳುಕಿಲ್ಲದೆ ಸುಳ್ಳು ಹೇಳುವವರು.

ಹಾಗಾದರೆ ಏನು ಕೇಳಬೇಕು?

ಜೂಲಿಯಾ ಮಿನ್ಸನ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಪ್ರಶ್ನೆ ಕೇಳುವ ರೀತಿಯನ್ನೇ ಬದಲಿಸಿತು. ಒಂದೇ ವಿಷಯವನ್ನು ಮೂರು ರೀತಿ ಕೇಳಬಹುದು. "ಇದರ ಬಗ್ಗೆ ಹೇಳಿ" ಅಂತ ಹೊರಮೈ ಸವರಿ ಕೇಳುವುದು. "ತೊಂದರೆ ಏನೂ ಇಲ್ಲ ತಾನೆ?" ಅಂತ ಒಳ್ಳೆಯದನ್ನು ಊಹಿಸಿ ಕೇಳುವುದು. "ಇದರಲ್ಲಿ ಏನೇನು ತೊಂದರೆ ಇದೆ?" ಅಂತ ತೊಂದರೆ ಇದ್ದೇ ಇದೆ ಅಂದುಕೊಂಡು ಕೇಳುವುದು. ಮೂರನೆಯ ರೀತಿಯಲ್ಲಿ ಕೇಳಿದಾಗ ಜನ ನಿಜ ಹೇಳುವುದು ಜಾಸ್ತಿ. ನನಗನಿಸುವಂತೆ ಇದರ ಗುಟ್ಟು ಎರಡು. ಕೇಳುವವರಿಗೆ ವಿಷಯ ಗೊತ್ತಿದೆ, ಬಚ್ಚಿಡುವುದು ಸುಲಭ ಅಲ್ಲ ಅಂತ ಎದುರಿನವರಿಗೆ ಅನಿಸುತ್ತದೆ. ಜೊತೆಗೆ ತೊಂದರೆ ಇರುವುದು ಮಾಮೂಲಿ, ಹೇಳಿದರೆ ಆಕಾಶ ಬೀಳುವುದಿಲ್ಲ ಅನ್ನುವ ಧೈರ್ಯವೂ ಬರುತ್ತದೆ.

ಹಾಗಾಗಿ ನಾನು ಈಗ "ಈ ಸಾಫ್ಟ್‌ವೇರ್ ಚೆನ್ನಾಗಿ ಗೊತ್ತಾ?" ಅಂತ ಕೇಳುವುದಿಲ್ಲ. ಅದಕ್ಕೆ ಬರುವ ಉತ್ತರ ಒಂದೇ. "ಈ ಕೆಲಸಕ್ಕೆ ಬೇಕಾದ ಎಲ್ಲವೂ ಯಾರಿಗೂ ಬರುವುದಿಲ್ಲ, ಸೇರಿದ ಮೇಲೆ ನೀವು ಮೊದಲು ಯಾವುದನ್ನು ಕಲಿಯಬೇಕಾಗುತ್ತದೆ?" ಅಂತ ಕೇಳುತ್ತೇನೆ. ಈ ಪ್ರಶ್ನೆಗೆ ಜನ ಹೇಗೆ ಉತ್ತರಿಸುತ್ತಾರೆ ಗೊತ್ತಾ? ಭುಜ ಸಡಿಲ ಆಗುತ್ತದೆ. ಜಾಬ್ ವಿವರವನ್ನು ತಿರುಗಿಸಿ ನೋಡಿ, "ಇದು ಬರುತ್ತದೆ, ಇದು ಅರ್ಧ ಬರುತ್ತದೆ, ಇದನ್ನು ಬೇರೆಯವರು ಮಾಡುವುದನ್ನು ನೋಡಿದ್ದೇನೆ ಅಷ್ಟೇ" ಅಂತ ತಾವೇ ಬಿಡಿಸಿ ಹೇಳುತ್ತಾರೆ. ಅದೇ ಮನುಷ್ಯ, ಅದೇ ವಿಷಯ. ಬದಲಾಗಿದ್ದು ಪ್ರಶ್ನೆಯ ನಾಲ್ಕು ಪದ.

ಇನ್ನೊಂದು ಅಭ್ಯಾಸವೂ ಕೆಲಸಕ್ಕೆ ಬಂದಿದೆ. ಕೆಲಸದ ಕೆಟ್ಟ ಭಾಗವನ್ನು ನಾವು ಮೊದಲು ಹೇಳಿಬಿಡುವುದು. ತಿಂಗಳ ಕೊನೆಯಲ್ಲಿ ತಡರಾತ್ರಿ ಆಗುತ್ತದೆ, ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ಬರುತ್ತದೆ, ನಮ್ಮ ವಿಭಾಗದಲ್ಲಿ ಕಲಿಸಿಕೊಡುವವರು ಕಡಿಮೆ. ಹೀಗೆ ನಾವು ಮೊದಲು ಮನಸ್ಸು ಬಿಚ್ಚಿದರೆ ಅವರೂ ಬಿಚ್ಚುತ್ತಾರೆ. ಒಬ್ಬರು ಇದನ್ನೆಲ್ಲ ಕೇಳಿ, ಸಂಜೆ ಆರರ ಮೇಲೆ ನನಗೆ ಸಾಧ್ಯವೇ ಇಲ್ಲ, ಮನೆಯಲ್ಲಿ ಚಿಕ್ಕ ಮಗು ಇದೆ, ಆದರೆ ಬೆಳಿಗ್ಗೆ ಏಳಕ್ಕೆ ಬೇಕಾದರೂ ಬರುತ್ತೇನೆ ಅಂತ ತಾವಾಗಿಯೇ ಹೇಳಿದರು. ಯಾರೂ ಕೇಳಬಾರದ್ದನ್ನು ಕೇಳಲಿಲ್ಲ, ಅವರಿಗೆ ಬೇಕಾದಷ್ಟನ್ನು ಅವರು ಹೇಳಿಕೊಂಡರು. ಬೆಳಗಿನ ಪಾಳಿಯಲ್ಲಿ ಅವರಿಗೆ ಜಾಗ ಮಾಡಿಕೊಟ್ಟೆವು.

ಮಿಕ್ಕಿದ್ದು ಮಾಡಿ ತೋರಿಸುವುದು. ಲೆಕ್ಕದ ಕೆಲಸವಾದರೆ ಒಂದು ತಪ್ಪಿರುವ ಲೆಕ್ಕದ ಹಾಳೆ ಕೊಡಿ, ಬರೆಯುವ ಕೆಲಸವಾದರೆ ಒಂದು ಪತ್ರ ಬರೆಸಿ. ಅಲ್ಲಿ ಬಣ್ಣ ಹಚ್ಚಲು ಜಾಗವೇ ಇಲ್ಲ, ಹಚ್ಚುವ ಅಗತ್ಯವೂ ಬೀಳುವುದಿಲ್ಲ. ಪ್ರಶ್ನೆಗಳೇ ಬೇಕಾದರೆ ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕ. ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ, ಹೀಗೆ ಕಟ್ಟುನಿಟ್ಟಾಗಿ ಮಾಡಿದ ಇಂಟರ್‌ವ್ಯೂ ಮತ್ತು ಆಮೇಲಿನ ಕೆಲಸದ ಗುಣಮಟ್ಟದ ನಡುವಿನ ನಂಟು 0.42 ಬಂತು (ಸೊನ್ನೆ ಅಂದರೆ ನಂಟೇ ಇಲ್ಲ, ಒಂದು ಅಂದರೆ ಪೂರ್ತಿ ನಂಟು). ನೇಮಕಾತಿಯ ವಿಧಾನಗಳಲ್ಲೆಲ್ಲ ಅದೇ ಮೇಲೆ. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗೆ ಬಂದದ್ದು 0.19.

ಕೆಲಸ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ, ನಿಮಗೆ ಎರಡು ಮಾತು. ಕೇಳಬಾರದ್ದನ್ನು ಕೇಳಿದಾಗ "ಹೇಳುವುದಿಲ್ಲ" ಅನ್ನುವುದಕ್ಕಿಂತ ತಿರುಗಿ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು. ಬ್ರ್ಯಾಡ್ ಬಿಟರ್ಲಿ ಮತ್ತು ಮಾರಿಸ್ ಶ್ವೈಟ್ಸರ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಪ್ರಶ್ನೆಯಿಂದಲೇ ಪ್ರಶ್ನೆಯನ್ನು ತಿರುಗಿಸಿದವರ ಬಗ್ಗೆ ಕೇಳುಗರಿಗೆ ನೇರವಾಗಿ ನಿರಾಕರಿಸಿದವರಿಗಿಂತ ಒಳ್ಳೆಯ ಅಭಿಪ್ರಾಯ ಇತ್ತು. "ಮಕ್ಕಳ ಯೋಚನೆ ಇದೆಯಾ?" ಅಂದರೆ, "ಈ ಕೆಲಸದಲ್ಲಿ ಪ್ರಯಾಣ ಜಾಸ್ತಿ ಇರುತ್ತದಾ ಸರ್? ಅದರ ಬಗ್ಗೆ ನೀವು ಕೇಳುತ್ತಿದ್ದರೆ ನಾನು ತಯಾರಿದ್ದೇನೆ" ಅನ್ನಬಹುದು. ದೌರ್ಬಲ್ಯದ ಪ್ರಶ್ನೆಗೆ, ನಿಜವಾದ ಆದರೆ ಈ ಕೆಲಸಕ್ಕೆ ಅಡ್ಡ ಬರದ ಒಂದನ್ನು ಆರಿಸಿ, ಅದಕ್ಕೆ ನೀವು ಮಾಡಿಕೊಂಡಿರುವ ಉಪಾಯವನ್ನೂ ಸೇರಿಸಿ ಹೇಳಿ. ನಿಜವನ್ನು ಆರಿಸಿ ಹೇಳುವುದು ಸುಳ್ಳಲ್ಲ. ಆ ಮಟ್ಟಿಗೆ ನಿಮ್ಮ ಮನಸ್ಸಿಗೂ ಹಿಂಸೆ ಇಲ್ಲ.

ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯಾ?" ಅಂತ ಬರುತ್ತದಲ್ಲ, ಅಲ್ಲಿ ಸುಳ್ಳು ಹೇಳುವ ಸರದಿ ನಮ್ಮದು. "ಇಲ್ಲಿ ಕೆಲಸದ ವಾತಾವರಣ ಹೇಗಿದೆ?" ಅಂತ ಕೇಳಿದರೆ "ನಾವೆಲ್ಲ ಒಂದು ಮನೆಯವರ ಹಾಗೆ" ಅನ್ನುತ್ತೇವೆ, ಆ ವಾರವೇ ಇಬ್ಬರು ರಾಜೀನಾಮೆ ಕೊಟ್ಟಿದ್ದರೂ. ಕೆಟ್ಟ ಪ್ರಶ್ನೆ ಕೇಳಿದರೆ ನಮ್ಮಿಂದಲೂ ಬಾಯಿಪಾಠವೇ ಬರುವುದು. ಹಾಗಾಗಿ ನೀವೂ ಮಿನ್ಸನ್ ಹೇಳಿದ ಮೂರನೆಯ ರೀತಿಯಲ್ಲಿ ಕೇಳಿ. "ಈ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ಹೊಸಬರಿಗೆ ಇಲ್ಲಿ ಮೊದಲ ಮೂರು ತಿಂಗಳಲ್ಲಿ ಯಾವುದು ಕಷ್ಟ ಆಗುತ್ತದೆ? ಕೆಲಸ ಮುಗಿಯದೆ ರಾತ್ರಿ ಉಳಿಯುವುದು ತಿಂಗಳಿಗೆ ಎಷ್ಟು ದಿನ?" ಒಬ್ಬ ಅಭ್ಯರ್ಥಿ ನಮ್ಮ ಪ್ಯಾನೆಲ್‌ಗೆ ಇದರಲ್ಲಿ ಮೊದಲನೆಯದನ್ನು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಮ್ಮಲ್ಲಿ ಹಿರಿಯರಾದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಹಿಂದಿನವರಿಗೆ ಕೆಲಸ ಜಾಸ್ತಿ ಆಗಿತ್ತು, ಇನ್ನೊಬ್ಬರನ್ನು ಕೊಡಿ ಅಂತ ಅವರು ಎರಡು ಸಲ ಕೇಳಿದ್ದರು, ನಾವು ಕೊಟ್ಟಿರಲಿಲ್ಲ. ಅಭ್ಯರ್ಥಿ ತಲೆಯಾಡಿಸಿ, "ಈಗ ಕೊಡುತ್ತೀರಾ?" ಅಂತ ಕೇಳಿದರು.